ಪ್ರೈಮರಿಯಲ್ಲಿ ಸೋತವರು ಗೆದ್ದವರ ಕೈ ಎತ್ತಲೇಬೇಕಾ?

ಮಿಶಿಗನ್_ಮಳೆ

ಅಮೆರಿಕದಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಆರಿಸುವ ಒಳಚುನಾವಣೆ) ಮುಗಿದಾಗಲೆಲ್ಲ ಇದೇ ದೃಶ್ಯ. ವರ್ಷವಿಡೀ ಒಬ್ಬರ ಮೇಲೊಬ್ಬರು ಕೆಸರು ಎರಚಿಕೊಂಡವರು ಒಂದು ದಿನ ಒಂದೇ ವೇದಿಕೆ ಹತ್ತಿ, ಕೈ ಕೈ ಹಿಡಿದು ಮೇಲೆತ್ತುತ್ತಾರೆ. ಸೋತವರು ಮೈಕ್ ಮುಂದೆ ನಿಂತು ಗೆದ್ದವರಿಗಿಂತ ಯೋಗ್ಯರು ಇನ್ನೊಬ್ಬರಿಲ್ಲ ಅನ್ನುತ್ತಾರೆ. ಹಾಗಾದರೆ ಹೋದ ತಿಂಗಳು ಹೇಳಿದ್ದೆಲ್ಲ ಏನು?

ನನ್ನ ತಲೆಗೆ ಈ ಹುಳ ಬಿಟ್ಟಿದ್ದು 2016. ಮಾರ್ಚ್ 8ರಂದು ಇಲ್ಲಿ ಮಿಶಿಗನ್‌ನ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ಬರ್ನಿ ಸ್ಯಾಂಡರ್ಸ್ ಗೆದ್ದರು. ಸಮೀಕ್ಷೆಗಳೆಲ್ಲ ಹಿಲರಿ ಕ್ಲಿಂಟನ್ ಭಾರಿ ಅಂತರದಲ್ಲಿ ಗೆಲ್ಲುತ್ತಾರೆ ಅಂದಿದ್ದವು. ದೇಶದ ಒಟ್ಟು ಲೆಕ್ಕದಲ್ಲಿ ಸ್ಯಾಂಡರ್ಸ್ ಸೋತರು, ಆದರೂ ಸುಮಾರು 1.3 ಕೋಟಿ ಮತ ಪಡೆದಿದ್ದರು. ಜೂನ್ 7ರಂದು ಕ್ಯಾಲಿಫೋರ್ನಿಯಾ ಮುಗಿಯುವ ಹೊತ್ತಿಗೆ ಲೆಕ್ಕ ಸ್ಪಷ್ಟವಾಗಿತ್ತು. ಅವರು ಕ್ಲಿಂಟನ್‌ಗೆ ಬೆಂಬಲ ಘೋಷಿಸಿದ್ದು ಮಾತ್ರ ಜುಲೈ 12ಕ್ಕೆ, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ. ಇಷ್ಟು ತಡ ಯಾಕೆ ಅಂತ ಒಂದು ಗುಂಪು ಬೈಯಿತು. ತಮ್ಮನ್ನೇ ಮಾರಿಕೊಂಡರು ಅಂತ ಇನ್ನೊಂದು ಗುಂಪು ಬೈಯಿತು. ನವೆಂಬರ್‌ನಲ್ಲಿ ಟ್ರಂಪ್ ಮಿಶಿಗನ್ ಗೆದ್ದಿದ್ದು 10,704 ಮತಗಳಿಂದ. ಅವತ್ತಿನಿಂದ ನಮ್ಮ ಸ್ನೇಹಿತರ ಗುಂಪಿನಲ್ಲಿ ತಪ್ಪು ಯಾರದ್ದು ಅನ್ನುವ ಜಗಳ ನಿಂತೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಪಕ್ಷದ ಪ್ರೈಮರಿಗೆ ನಿಂತ ಮೇಲೆ ಸೋಲನ್ನು ಒಪ್ಪಿಕೊಳ್ಳಲೇಬೇಕು, ಅದು ಆಟದ ನಿಯಮ. ಆದರೆ ಗೆದ್ದವರನ್ನು ಹೊಗಳಬೇಕು ಅನ್ನುವುದು ನಿಯಮವಲ್ಲ. ಈ ಎರಡನ್ನೂ ಕಲಸಿ ಒಂದೇ ಮಾಡಿಟ್ಟಿದ್ದಾರೆ. ಸೋತವರು ಸುಮ್ನೆ ಮನೆಗೆ ಹೋದರೆ ಅದು ದ್ರೋಹ ಆಗಬಾರದು. ನೀವೆಲ್ಲ ಏನಂತೀರಿ?

ಎಡಿಸನ್_ಅಕ್ಕ

ಒಪ್ಪುವುದಿಲ್ಲ ಕಣಪ್ಪ. ನಿನಗೆ ಇದು ಮಾತಿನ ಪ್ರಾಮಾಣಿಕತೆಯ ಪ್ರಶ್ನೆ. ನನಗೆ ಫಲಿತಾಂಶದ ಪ್ರಶ್ನೆ.

2016ರ ಫೆಬ್ರವರಿಯಲ್ಲಿ ಜಸ್ಟಿಸ್ ಸ್ಕಾಲಿಯಾ ತೀರಿಕೊಂಡರು. ಸುಪ್ರೀಂ ಕೋರ್ಟಿನಲ್ಲಿ ಒಂದು ಕುರ್ಚಿ ಚುನಾವಣೆ ತನಕ ಖಾಲಿಯೇ ಇತ್ತು. ಅಲ್ಲಿ ಕೂರುವವರನ್ನು ಆರಿಸುವುದು ಯಾರು ಅನ್ನುವುದು ನವೆಂಬರ್‌ನಲ್ಲಿ ತೀರ್ಮಾನವಾಗಬೇಕಿತ್ತು. ಸ್ಯಾಂಡರ್ಸ್ ಮತ್ತು ಕ್ಲಿಂಟನ್ ನಡುವೆ ಇದ್ದ ವ್ಯತ್ಯಾಸ ದೊಡ್ಡದೋ, ಕ್ಲಿಂಟನ್ ಮತ್ತು ಟ್ರಂಪ್ ನಡುವೆ ಇದ್ದದ್ದು ದೊಡ್ಡದೋ? ಜನರಿಗೆ ಇದನ್ನು ಬಿಡಿಸಿ ಹೇಳುವುದು ಸೋತ ಅಭ್ಯರ್ಥಿಯ ಕೆಲಸ ಅಲ್ವಾ? ಅವನ ಮಾತನ್ನು ನಂಬಿಯೇ ತಾನೆ ಅಷ್ಟು ಜನ ಹಿಂದೆ ಬಂದಿದ್ದು. ಅವರನ್ನು ನಡುದಾರಿಯಲ್ಲಿ ಬಿಟ್ಟು "ನಾನು ಮನೆಗೆ ಹೋದೆ" ಅಂದರೆ ಹೇಗೆ?

ಬೋಸ್ಟನ್_ಮೇಷ್ಟ್ರು

ಹಳೆಯ ಕಥೆಗಳನ್ನು ಸ್ವಲ್ಪ ಹೇಳುತ್ತೇನೆ. ನನ್ನ ಚಟ, ಸಹಿಸಿಕೊಳ್ಳಿ.

1968. ವಿಯೆಟ್ನಾಂ ಯುದ್ಧ ವಿರೋಧಿಸಿ ಯುಜೀನ್ ಮೆಕಾರ್ಥಿ ಡೆಮಾಕ್ರಾಟಿಕ್ ಪ್ರೈಮರಿಗಳಲ್ಲಿ ಓಡಾಡಿದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಿಗೆ ನಿಲ್ಲದೆಯೇ, ಪಕ್ಷದ ಮುಖಂಡರ ಬಲದಿಂದ ಶಿಕಾಗೋದಲ್ಲಿ ಅಭ್ಯರ್ಥಿಯಾದರು. ಮೆಕಾರ್ಥಿ ಮುನಿಸಿಕೊಂಡು ಕೂತರು. ಕೊನೆಗೆ ಬಾಯಿಬಿಟ್ಟಿದ್ದು ಅಕ್ಟೋಬರ್ 29ಕ್ಕೆ, ಮತದಾನಕ್ಕೆ ಒಂದು ವಾರ ಇದ್ದಾಗ. ಅದೂ ಉತ್ಸಾಹವೇ ಇಲ್ಲದ ಬೆಂಬಲ. ಹಂಫ್ರಿ ನಿಕ್ಸನ್ ಎದುರು ಸೋತಿದ್ದು ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ. ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಆದರೆ ಈ ಪ್ರಶ್ನೆ ಮೆಕಾರ್ಥಿಯವರನ್ನು ಬಿಡಲಿಲ್ಲ.

1980. ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಎಡ್ವರ್ಡ್ ಕೆನಡಿ ನಿಂತು ಸೋತರು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕನ್ವೆನ್ಷನ್, ಅಂದರೆ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಅಧಿವೇಶನ. ಸೋತ ಕೆನಡಿಯ ಭಾಷಣಕ್ಕೆ ಬಿದ್ದ ಚಪ್ಪಾಳೆ ಗೆದ್ದ ಕಾರ್ಟರ್‌ಗೂ ಬೀಳಲಿಲ್ಲ. ಕೊನೆಯ ರಾತ್ರಿ ಕೆನಡಿ ವೇದಿಕೆಗೆ ಬಂದರು, ಮದುವೆ ಮನೆಗೆ ಮುಖ ಊದಿಸಿಕೊಂಡು ಬಂದ ಬೀಗರ ಹಾಗೆ. ಕೈಕುಲುಕಿದರು, ಅಷ್ಟೇ. ಕೈ ಕೈ ಹಿಡಿದು ಎತ್ತುವ ಆ ಒಂದು ಫೋಟೋಗಾಗಿ ಅಧ್ಯಕ್ಷರು ವೇದಿಕೆ ತುಂಬ ಅವರ ಹಿಂದೆ ಸುತ್ತಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ನವೆಂಬರ್‌ನಲ್ಲಿ ಕಾರ್ಟರ್‌ಗೆ ಸಿಕ್ಕಿದ್ದು ಆರು ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್.

ಕೆನಡಿ ಕೈ ಎತ್ತಿದ್ದರೆ ಕಾರ್ಟರ್ ಗೆಲ್ಲುತ್ತಿದ್ದರಾ? ಖಂಡಿತ ಇಲ್ಲ. ಹಣದುಬ್ಬರ ಇತ್ತು, ಇರಾನ್ ಒತ್ತೆಯಾಳುಗಳ ಸಂಕಟ ಇತ್ತು. ಅಷ್ಟು ದೊಡ್ಡ ಸೋಲನ್ನು ಒಂದು ಫೋಟೋ ತಡೆಯುವುದಿಲ್ಲ. ಅಂತರ ತೀರಾ ಕಡಿಮೆ ಇದ್ದಾಗ ಮಾತ್ರ ಈ ಬೆಂಬಲಕ್ಕೆ ತೂಕ. ತೊಂದರೆ ಏನೆಂದರೆ, ಅಂತರ ಎಷ್ಟು ಅಂತ ಆಗಸ್ಟ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಡಲ್ಲಾಸ್_ದೋಸೆ

ಇಲ್ಲಿ ರಿಪಬ್ಲಿಕನ್ ಮತದಾರ ನಾನೊಬ್ಬನೇ ಅಂತ ಕಾಣುತ್ತದೆ. ಬೈಯಬೇಡಿ, ಪೂರ್ತಿ ಓದಿ.

ನಮ್ಮ ಸೆನೆಟರ್ ಟೆಡ್ ಕ್ರೂಜ್ ಕಥೆ ತಗೊಳ್ಳಿ. 2016ರ ಪ್ರೈಮರಿಯಲ್ಲಿ ಎದುರಾಳಿ ಟ್ರಂಪ್, ಕ್ರೂಜ್ ಹೆಂಡತಿಯ ರೂಪವನ್ನು ಆಡಿಕೊಂಡ ಟ್ವೀಟ್ ಹಂಚಿದರು. ಕ್ರೂಜ್ ಅಪ್ಪನನ್ನು ಅಧ್ಯಕ್ಷ ಜಾನ್ ಕೆನಡಿ ಹಂತಕನ ಜೊತೆ ತಳಕು ಹಾಕುವ ಟ್ಯಾಬ್ಲಾಯ್ಡ್ ಸುದ್ದಿಯನ್ನು ಟಿವಿಯಲ್ಲಿ ಎತ್ತಿದರು. ಜುಲೈ 20ರಂದು ಕ್ಲೀವ್‌ಲ್ಯಾಂಡ್ ಕನ್ವೆನ್ಷನ್‌ನಲ್ಲಿ ಕ್ರೂಜ್ ಮಾತಾಡಿದರು, ಗೆದ್ದವರಿಗೆ ಅಭಿನಂದನೆ ಹೇಳಿದರು, ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಬೆಂಬಲಿಸುತ್ತೇನೆ ಅನ್ನಲಿಲ್ಲ. ಇಡೀ ಸಭಾಂಗಣ ಕೂಗಿ ಅವರನ್ನು ಇಳಿಸಿತು. ಮರುದಿನ ಟೆಕ್ಸಾಸ್ ಪ್ರತಿನಿಧಿಗಳ ತಿಂಡಿ ಸಭೆಯಲ್ಲಿ ತರಾಟೆಗೆ ತಗೊಂಡಾಗ, ಹೆಂಡತಿಯನ್ನೂ ಅಪ್ಪನನ್ನೂ ಬೈದವರ ಹತ್ತಿರ ನಾಯಿಮರಿ ಹಾಗೆ ಹೋಗಲಾರೆ ಅನ್ನುವ ಅರ್ಥದ ಮಾತು ಹೇಳಿದರು.

ಅವತ್ತು ನನಗೆ ಅವರ ಮೇಲೆ ಗೌರವ ಬಂತು, ನಿಜ ಹೇಳುತ್ತೇನೆ. ಸೆಪ್ಟೆಂಬರ್ 23ಕ್ಕೆ ಬೆಂಬಲ ಘೋಷಿಸಿದರು. ಎರಡೇ ತಿಂಗಳು! ಅಷ್ಟರಲ್ಲಿ ಹೆಂಡತಿಗೂ ಅಪ್ಪನಿಗೂ ಯಾರೂ ಕ್ಷಮೆ ಕೇಳಿರಲಿಲ್ಲ. 2018ರಲ್ಲಿ ಅವರದ್ದೇ ಸೆನೆಟ್ ಚುನಾವಣೆ ಬರುವುದಿತ್ತು, ಅಷ್ಟೇ.

ಹಾಗಾಗಿ ನನ್ನ ವಾದ ಇದು: ಮಾಡುವುದಾದರೆ ಮೊದಲೇ ಮಾಡಿ, ಇಲ್ಲದಿದ್ದರೆ ಮಾಡಲೇಬೇಡಿ. ಅದೇ ಪ್ರೈಮರಿಯಲ್ಲಿ ಸೋತ ಜೆಬ್ ಬುಷ್ ಕೊನೆಯವರೆಗೂ ಮಾಡಲಿಲ್ಲ. ಸೋತ ಇನ್ನೊಬ್ಬರು ಜಾನ್ ಕೇಸಿಕ್ ಆಗ ಓಹಾಯೋ ಗವರ್ನರ್, ಕನ್ವೆನ್ಷನ್ ನಡೆದದ್ದು ಅವರದ್ದೇ ರಾಜ್ಯದಲ್ಲಿ, ಆದರೂ ಆ ಸಭಾಂಗಣಕ್ಕೆ ಕಾಲಿಡಲಿಲ್ಲ. ಅವರ ನಿಲುವು ನನಗೆ ಹಿಡಿಸದಿರಬಹುದು, ಆದರೆ ಅದು ನಿಲುವು.

ಎಡಿಸನ್_ಅಕ್ಕ

ಹಾಗಾದರೆ ನೀವು 2016ರಲ್ಲಿ ಯಾರಿಗೆ ಹಾಕಿದಿರಿ?

ಡಲ್ಲಾಸ್_ದೋಸೆ

ಅಕ್ಕಾ, ಗುಪ್ತ ಮತದಾನ.

ಹುಬ್ಬಳ್ಳಿ_ಮಂದಿ

ಏನ್ರೀ ಇದು, ನಮ್ಮಲ್ಲಿ ದಿನಾ ನಡೆಯುವುದೇ ಅಲ್ಲವೇ. ಟಿಕೆಟ್ ಸಿಗದಿದ್ದರೆ ಬಂಡಾಯ. 2023ರಲ್ಲಿ ಜಗದೀಶ ಶೆಟ್ಟರ್ ಅವರಿಗೆ ಬಿಜೆಪಿ ಟಿಕೆಟ್ ಸಿಗಲಿಲ್ಲ, ಕಾಂಗ್ರೆಸ್‌ಗೆ ಹೋದರು, ನಮ್ಮೂರಲ್ಲಿ ಸೋತರು, 2024ರಲ್ಲಿ ವಾಪಸ್ ಬಂದು ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಈಶ್ವರಪ್ಪನವರು ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತರು, ಪಕ್ಷ ಆರು ವರ್ಷ ಉಚ್ಚಾಟಿಸಿತು. ನಿಮ್ಮ ಅಮೆರಿಕದವರು ಬರೀ ಹೊಗಳುವುದಿಲ್ಲ ಅಂತ ಮುನಿಸಿಕೊಂಡರೆ ಅದೂ ಒಂದು ಸುದ್ದಿಯಾ?

ಮಿಶಿಗನ್_ಮಳೆ

ಸರ್, ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಬಿ ಫಾರಂ ಯಾಕೆ ಸಿಗಲಿಲ್ಲ ಅಂತ ಕಾರಣವನ್ನೂ ಹೇಳುವುದಿಲ್ಲ. "ನನಗೆ ಅನ್ಯಾಯವಾಯಿತು, ಜನರ ಹತ್ತಿರ ಹೋಗುತ್ತೇನೆ" ಅನ್ನುವುದಕ್ಕೆ ಅಲ್ಲಿ ಒಂದು ಅರ್ಥ ಇದೆ. ಇಲ್ಲಿ ಮತದಾರರೇ ಬೂತಿಗೆ ಹೋಗಿ ಟಿಕೆಟ್ ಕೊಡುತ್ತಾರೆ. ಸೋತವರು ಈಗಾಗಲೇ ಜನರ ಹತ್ತಿರ ಹೋಗಿ ಬಂದಿರುತ್ತಾರೆ. ಇನ್ನೊಂದು ಸಲ ಹೋಗುತ್ತೇನೆ ಅಂದರೆ ಏನು ನ್ಯಾಯ?

ಇಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅದಕ್ಕೇ ಒಂದು ಕಾನೂನು ಇದೆ. ಸೋರ್ ಲೂಸರ್ ಕಾನೂನು ಅನ್ನುತ್ತಾರೆ. ಪ್ರೈಮರಿಯಲ್ಲಿ ಸೋತವರ ಹೆಸರು ಅದೇ ಹುದ್ದೆಗೆ ನವೆಂಬರ್ ಮತಪತ್ರದಲ್ಲಿ ಬರುವಂತಿಲ್ಲ. ಕನೆಟಿಕಟ್, ನ್ಯೂಯಾರ್ಕ್ ಥರದ ಕೆಲವು ಕಡೆ ಮಾತ್ರ ಈ ತಡೆ ಇಲ್ಲ.

ಕ್ವೀನ್ಸ್_ಕನ್ನಡತಿ

ನ್ಯೂಯಾರ್ಕ್ ಹೆಸರು ಬಂತಲ್ಲ, ನಾನು ಸುಮ್ಮನಿರಲಾರೆ.

2025ರ ಜೂನ್ 24ರಂದು ನಮ್ಮ ಮೇಯರ್ ಪ್ರೈಮರಿ. ಜೊಹ್ರಾನ್ ಮಮ್ದಾನಿ ಗೆದ್ದರು, ಮಾಜಿ ಗವರ್ನರ್ ಆಂಡ್ರ್ಯೂ ಕ್ವೊಮೊ ಸೋತರು. ಕ್ವೊಮೊ ಅದೇ ರಾತ್ರಿ ಸೋಲು ಒಪ್ಪಿದರು, ಮಮ್ದಾನಿಗೆ ಫೋನ್ ಮಾಡಿ ಅಭಿನಂದನೆ ಹೇಳಿದರು. ಮೂರು ವಾರ ಆಗುವ ಮೊದಲೇ "ನಾನು ಸ್ವತಂತ್ರವಾಗಿ ಕಣದಲ್ಲಿ ಇರುತ್ತೇನೆ" ಅಂತ ವಿಡಿಯೊ ಬಿಟ್ಟರು. ನವೆಂಬರ್ 4ರಂದು ಮತ್ತೆ ಸೋತರು. ಮಮ್ದಾನಿಗೆ ಶೇಕಡಾ 50ಕ್ಕಿಂತ ಸ್ವಲ್ಪ ಜಾಸ್ತಿ, ಕ್ವೊಮೊಗೆ ಸುಮಾರು 41.

ಇನ್ನೊಂದು ಕಡೆ ಪಕ್ಷದ ದೊಡ್ಡವರನ್ನು ನೋಡಿ. ಸದನದ ಡೆಮಾಕ್ರಾಟಿಕ್ ನಾಯಕ ಹಕೀಮ್ ಜೆಫ್ರಿಸ್ ನಮ್ಮ ಬ್ರೂಕ್ಲಿನ್‌ನವರೇ. ಅವರು ಮಮ್ದಾನಿಗೆ ಬೆಂಬಲ ಅಂದಿದ್ದು ಅಕ್ಟೋಬರ್ 24ಕ್ಕೆ, ಮುಂಗಡ ಮತದಾನ ಶುರುವಾಗುವ ಹಿಂದಿನ ದಿನ. ಸೆನೆಟ್ ನಾಯಕ ಚಕ್ ಶೂಮರ್ ಕೊನೆಗೂ ಬಹಿರಂಗವಾಗಿ ಹೇಳಲೇ ಇಲ್ಲ. 2016ರಲ್ಲಿ ಸ್ಯಾಂಡರ್ಸ್ ಬೆಂಬಲಿಗರಿಗೆ "ಪಕ್ಷ ಮುಖ್ಯ, ಒಗ್ಗಟ್ಟು ಮುಖ್ಯ" ಅಂತ ಪಾಠ ಮಾಡಿದ್ದು ಇದೇ ಪಕ್ಷ. ಸ್ಯಾಂಡರ್ಸ್, ಮಮ್ದಾನಿ ಥರದ ಎಡಪಂಥದವರು ಸೋತರೆ ಒಗ್ಗಟ್ಟು, ಗೆದ್ದರೆ ಆತ್ಮಸಾಕ್ಷಿ. ಅಕ್ಕಾ, ಇದಕ್ಕೆ ಏನು ಹೇಳುತ್ತೀರಿ?

2021ರಲ್ಲಿ ಬಫಲೊ ನಗರದಲ್ಲೂ ಹೀಗೇ ಆಯಿತು. ಹಾಲಿ ಮೇಯರ್ ಬೈರನ್ ಬ್ರೌನ್ ಪ್ರೈಮರಿಯಲ್ಲಿ ಇಂಡಿಯಾ ವಾಲ್ಟನ್ ಎದುರು ಸೋತರು. ಆಮೇಲೆ ರೈಟ್-ಇನ್ ಅಭ್ಯರ್ಥಿಯಾಗಿ, ಅಂದರೆ ಮತಪತ್ರದಲ್ಲಿ ಹೆಸರೇ ಇಲ್ಲದೆ ಜನ ಕೈಯಲ್ಲಿ ಹೆಸರು ತುಂಬುವಂತೆ ಮಾಡಿ, ಗೆದ್ದುಬಿಟ್ಟರು.

ಎಡಿಸನ್_ಅಕ್ಕ

ಕ್ವೊಮೊ ಮಾಡಿದ್ದನ್ನು ನಾನು ಯಾಕಮ್ಮಾ ಸಮರ್ಥಿಸಲಿ? ಅದು ತಪ್ಪು. ಶೂಮರ್ ಸುಮ್ಮನಿದ್ದದ್ದೂ ತಪ್ಪು. ನಿಯಮ ಎಲ್ಲರಿಗೂ ಒಂದೇ ಅನ್ನುವುದು ತಾನೆ ನನ್ನ ವಾದ. ನಿನ್ನ ಉದಾಹರಣೆ ನನ್ನ ಕಡೆಗೇ ಬಂತು.

ಬೋಸ್ಟನ್_ಮೇಷ್ಟ್ರು

ನಿಯಮ ಎಲ್ಲರಿಗೂ ಒಂದೇ ಅನ್ನುವುದನ್ನು ಕಾಗದದ ಮೇಲೆ ಬರೆಸುವ ಪ್ರಯತ್ನವೂ ಆಯಿತು. 2015ರ ಆಗಸ್ಟ್ 6ರಂದು ಮೊದಲ ರಿಪಬ್ಲಿಕನ್ ಚರ್ಚೆ. ಗೆದ್ದವರನ್ನು ಬೆಂಬಲಿಸುವ ಮಾತು ಕೊಡಲಾರದವರು ಕೈ ಎತ್ತಿ ಅಂದರು. ಹತ್ತು ಜನರಲ್ಲಿ ಟ್ರಂಪ್ ಒಬ್ಬರೇ ಎತ್ತಿದರು. ಪಕ್ಷದ ಅಧ್ಯಕ್ಷ ರೈನ್ಸ್ ಪ್ರೀಬಸ್ ಓಡಾಡಿ ಸೆಪ್ಟೆಂಬರ್ 3ರಂದು ಅವರಿಂದಲೂ ಸಹಿ ಹಾಕಿಸಿದರು. 2016ರ ಮಾರ್ಚ್‌ನಲ್ಲಿ, ಕಣದಲ್ಲಿ ಉಳಿದಿದ್ದ ಮೂವರಲ್ಲಿ ಟ್ರಂಪ್ ಆ ಮಾತಿಗೆ ಬದ್ಧನಲ್ಲ ಅಂದರು, ಕ್ರೂಜ್ ಮತ್ತು ಕೇಸಿಕ್ ಇಬ್ಬರೂ ಜಾರಿಕೊಂಡರು. 2023ರಲ್ಲಿ ಮತ್ತೆ ಅದೇ ಷರತ್ತು, ಸಹಿ ಹಾಕದವರಿಗೆ ಚರ್ಚೆಯಲ್ಲಿ ಜಾಗ ಇಲ್ಲ. ಟ್ರಂಪ್ ಸಹಿಯೂ ಹಾಕಲಿಲ್ಲ, ಚರ್ಚೆಗೂ ಬರಲಿಲ್ಲ, ಅಭ್ಯರ್ಥಿಯೂ ಅವರೇ ಆದರು. ಸಹಿ ಹಾಕಿದ್ದ ಕ್ರಿಸ್ ಕ್ರಿಸ್ಟಿ ಮತ್ತು ಮೈಕ್ ಪೆನ್ಸ್ ಕೊನೆಗೆ ಅವರನ್ನು ಬೆಂಬಲಿಸಲಿಲ್ಲ.

ಗೆಲ್ಲುವವರು ಯಾರು ಅಂತ ಗೊತ್ತಾಗುವ ಮೊದಲೇ ಬರೆಸಿಕೊಂಡ ಮಾತು ನಿಲ್ಲುವುದಿಲ್ಲ, ಇಷ್ಟಂತೂ ಖಾತ್ರಿ.

ಫ್ರೀಮಾಂಟ್_ಫಿಲ್ಟರ್‌ಕಾಫಿ

ಎಲ್ಲರೂ ಪ್ರೈಮರಿ ಮುಗಿದ ಮೇಲಿನ ಬೆಂಬಲದ ಬಗ್ಗೆ ಮಾತಾಡುತ್ತಿದ್ದೀರಿ. ಪ್ರೈಮರಿ ನಡುವೆಯೇ ಕೊಡುವ ಬೆಂಬಲ ಇದೆಯಲ್ಲ, ಅದು ಇನ್ನೂ ದೊಡ್ಡ ವಿಷಯ.

2020ರಲ್ಲಿ ನಾನು ಪೀಟ್ ಬುಟಜೆಜ್ ಅವರಿಗೆ ಅಂಚೆ ಮತ ಹಾಕಿದೆ. ಕ್ಯಾಲಿಫೋರ್ನಿಯಾದ ಮತದಾನ ಮಾರ್ಚ್ 3ಕ್ಕೆ. ಅವರು ಮಾರ್ಚ್ 1ಕ್ಕೆ ಕಣದಿಂದ ಹೊರಗೆ. ಮರುದಿನ ಏಮಿ ಕ್ಲೋಬುಶಾರ್ ಕೂಡ ಹೊರಗೆ. ಅದೇ ಸಂಜೆ ಇಬ್ಬರೂ ಡಲ್ಲಾಸ್‌ಗೆ ಹಾರಿ ಬೈಡನ್‌ಗೆ ಜೈ ಅಂದರು. ಅದಕ್ಕೂ ಮೊದಲು ಸೌತ್ ಕ್ಯಾರೊಲಿನಾದ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಕೊಟ್ಟು ಅಲ್ಲಿ ಬೈಡನ್‌ರನ್ನು ಎತ್ತಿ ನಿಲ್ಲಿಸಿದ್ದರು. ಮಾರ್ಚ್ 3, ಅಂದರೆ ಒಂದೇ ದಿನ ಹಲವು ರಾಜ್ಯಗಳ ಪ್ರೈಮರಿ ನಡೆಯುವ ಸೂಪರ್ ಟ್ಯೂಸ್‌ಡೇ ದಿನ, ಹದಿನಾಲ್ಕು ರಾಜ್ಯಗಳಲ್ಲಿ ಹತ್ತು ಬೈಡನ್ ಪಾಲಾದವು. ನನ್ನ ಮತ ಆಗಲೇ ಲಕೋಟೆಯಲ್ಲಿ ಹೋಗಿತ್ತು, ವಾಪಸ್ ಬರುವುದಿಲ್ಲ.

ಸಿಟ್ಟು ಬಂತು. ಆದರೆ ಯೋಚನೆ ಮಾಡಿದರೆ ಆ ಇಬ್ಬರು ಮಾಡಿದ್ದು ನಿಜಕ್ಕೂ ಪರಿಣಾಮ ಬೀರಿದ ಬೆಂಬಲ. ಆಟ ಇನ್ನೂ ಮುಗಿದಿರಲಿಲ್ಲ, ಅವರ ಮಾತಿನಿಂದ ಫಲಿತಾಂಶ ಬದಲಾಯಿತು. ಎಲ್ಲ ಮುಗಿದು ಅಭ್ಯರ್ಥಿ ಖಾತ್ರಿಯಾದ ಮೇಲೆ ಕೊಡುವ ಬೆಂಬಲ ಬರೀ ಶಾಸ್ತ್ರ ಅನ್ನಿಸುತ್ತದೆ.

ಕ್ವೀನ್ಸ್_ಕನ್ನಡತಿ

ಅದಕ್ಕೇ ನಮ್ಮೂರ ಪದ್ಧತಿ ನನಗೆ ಇಷ್ಟ. ಮೇಯರ್ ಪ್ರೈಮರಿಯಲ್ಲಿ ಐದು ಜನರವರೆಗೆ ಕ್ರಮ ಹಾಕಿ ಮತ ಕೊಡಬಹುದು. ನಿಮ್ಮ ಮೊದಲ ಆಯ್ಕೆ ಬಿದ್ದರೆ ಮತ ಎರಡನೆಯವರಿಗೆ ಹೋಗುತ್ತದೆ, ಲಕೋಟೆಯಲ್ಲಿ ಸಾಯುವುದಿಲ್ಲ. 2025ರಲ್ಲಿ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಮತದಾನಕ್ಕೆ ಮೊದಲೇ ಒಬ್ಬರನ್ನೊಬ್ಬರು ಎಂಡಾರ್ಸ್ ಮಾಡಿದರು. "ನನಗೆ ಒಂದು, ಇವರಿಗೆ ಎರಡು" ಅಂತ ಇಬ್ಬರೂ ಹೇಳಿದರು. ಇಬ್ಬರೂ ಎದುರಾಳಿಗಳೇ. ಅಲ್ಲಿ ಬೂಟಾಟಿಕೆ ಏನೂ ಇರಲಿಲ್ಲ, ಯಾಕೆಂದರೆ ನಿನ್ನೆ ಬೈದು ಇವತ್ತು ಹೊಗಳುವ ಪ್ರಮೇಯವೇ ಬರಲಿಲ್ಲ.

ಮಂಡ್ಯ_ಟು_ಮಿಲ್ವಾಕೀ

ನಮ್ಮ ವಿಸ್ಕಾನ್ಸಿನ್ ಕೂಡ 2016ರಲ್ಲಿ ಟ್ರಂಪ್ ಕಡೆ ಹೋಯಿತು, ಅಂತರ 22,748 ಮತ. ಇಲ್ಲೂ ಸ್ಯಾಂಡರ್ಸ್ ಪ್ರೈಮರಿ ಗೆದ್ದಿದ್ದರು. ನಾನು ಕ್ಲಿಂಟನ್ ಪರ ಮನೆ ಮನೆ ಬಾಗಿಲು ತಟ್ಟಿದವನು. ಸ್ಯಾಂಡರ್ಸ್ ಬೋರ್ಡ್ ಇನ್ನೂ ತೆಗೆಯದ ಮನೆಗಳಿಗೂ ಹೋದೆ. "ಬರ್ನಿನೇ ಹೇಳಿದ್ದಾರಲ್ಲ" ಅಂದರೆ, "ಅವರು ಹೇಳಲೇಬೇಕು, ಹೇಳಿದ್ದಾರೆ. ನಾವು ಕೇಳಲೇಬೇಕು ಅಂತಿಲ್ಲ" ಅನ್ನುವ ಉತ್ತರ. ಇದು ನನಗೆ ಬಹಳ ತಟ್ಟಿತು. ಬೆಂಬಲ ಕಡ್ಡಾಯ ಅಂತ ಎಲ್ಲರಿಗೂ ಗೊತ್ತಿದ್ದರೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಅಂಕಿ ಅಂಶ ಬೇಕಾದವರಿಗೆ: ದೊಡ್ಡ ಮಟ್ಟದ ಮತದಾರರ ಸಮೀಕ್ಷೆಯೊಂದರ ಪ್ರಕಾರ ಪ್ರೈಮರಿಯಲ್ಲಿ ಸ್ಯಾಂಡರ್ಸ್‌ಗೆ ಹಾಕಿದವರಲ್ಲಿ ಶೇಕಡಾ 12ರಷ್ಟು ಜನ ನವೆಂಬರ್‌ನಲ್ಲಿ ಟ್ರಂಪ್‌ಗೆ ಹಾಕಿದರು. ಕೇಳುವುದಕ್ಕೆ ಜಾಸ್ತಿ ಅನ್ನಿಸುತ್ತದೆ. ಆದರೆ 2008ರಲ್ಲಿ ಒಬಾಮಾ ಎದುರು ಪ್ರೈಮರಿ ಸೋತ ಹಿಲರಿಯ ಬೆಂಬಲಿಗರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಕಡೆ ಹೋದವರ ಪಾಲು ಇದಕ್ಕಿಂತ ಜಾಸ್ತಿ ಇತ್ತು. ಆ ಸಲ ಹಿಲರಿ ಬೇಗ ಬೆಂಬಲ ಕೊಟ್ಟಿದ್ದರು, ಚೆನ್ನಾಗಿಯೂ ಕೊಟ್ಟಿದ್ದರು. ಒಬಾಮಾ ಗೆದ್ದರು, ಹಾಗಾಗಿ ಯಾರೂ ಲೆಕ್ಕ ಕೇಳಲಿಲ್ಲ. 2016ರಲ್ಲಿ ಹಿಲರಿ ಸೋತರು, ಹಾಗಾಗಿ ಸ್ಯಾಂಡರ್ಸ್ ತಲೆಗೆ ಬಂತು.

ಎಡಿಸನ್_ಅಕ್ಕ

ಲೆಕ್ಕ ಒಪ್ಪಿದೆ. ಆದರೂ 2008ನ್ನು ಇಷ್ಟು ಬೇಗ ದಾಟಿ ಹೋಗಬೇಡಿ, ಅದು ನನ್ನ ಮೆಚ್ಚಿನ ಉದಾಹರಣೆ. ಜೂನ್ 7ರಂದು ವಾಷಿಂಗ್ಟನ್‌ನಲ್ಲಿ ಹಿಲರಿ ಪ್ರಚಾರ ನಿಲ್ಲಿಸಿದರು. ಎದುರಿಗೆ ಕೂತಿದ್ದ ಹೆಂಗಸರು ಅಳುತ್ತಿದ್ದರು. ಹಿಲರಿ ಅಳಲಿಲ್ಲ, ಒಬಾಮಾಗೆ ಬೆಂಬಲ ಅಂತ ನೇರವಾಗಿ ಹೇಳಿದರು, ಒಂದು ಸಲ ಅಲ್ಲ, ಭಾಷಣದ ಉದ್ದಕ್ಕೂ. ಅದೇ ತಿಂಗಳ 27ಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನುವ ಹಳ್ಳಿಯಲ್ಲಿ ಇಬ್ಬರೂ ಜೊತೆಯಾಗಿ ಸಭೆ ಮಾಡಿದರು. ಆ ಹಳ್ಳಿಯ ಪ್ರೈಮರಿಯಲ್ಲಿ ಇಬ್ಬರಿಗೂ ಬಿದ್ದಿದ್ದು 107, 107 ಮತ! ಯಾರು ಹುಡುಕಿದರೋ ಆ ಊರನ್ನು. ಆಗಸ್ಟ್‌ನಲ್ಲಿ ಡೆನ್ವರ್ ಕನ್ವೆನ್ಷನ್‌ನಲ್ಲಿ ಮತ ಎಣಿಕೆ ನಡೆಯುತ್ತಿದ್ದಾಗ ಹಿಲರಿಯೇ ಎದ್ದು ನಿಂತು, ಎಣಿಕೆ ನಿಲ್ಲಿಸಿ ಒಬಾಮಾರನ್ನು ಒಕ್ಕೊರಲಿನಿಂದ ಆರಿಸೋಣ ಅಂದರು. ಹೀಗೆ ಸೋಲುವುದಕ್ಕೂ ಗಟ್ಟಿತನ ಬೇಕು.

ಡಲ್ಲಾಸ್_ದೋಸೆ

ಗಟ್ಟಿತನದ ಜೊತೆ ಸಾಲದ ಲೆಕ್ಕವೂ ಇತ್ತು, ಅಕ್ಕಾ. ಹಿಲರಿ ಪ್ರಚಾರದ ಸಾಲ 2 ಕೋಟಿ ಡಾಲರ್ ದಾಟಿತ್ತು. ಯೂನಿಟಿ ಸಭೆಯ ಹಿಂದಿನ ದಿನ ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ದೊಡ್ಡ ದಾನಿಗಳ ಸಭೆ. ಒಬಾಮಾ ತಮ್ಮ ಕೈಯಿಂದ 2,300 ಡಾಲರ್ ಕೊಟ್ಟರು, ಆಗ ಒಬ್ಬರು ಕೊಡಬಹುದಾಗಿದ್ದ ಗರಿಷ್ಠ ಮೊತ್ತ ಅದು. ಸಾಲ ತೀರಿಸಲು ನೆರವಾಗಿ ಅಂತ ತಮ್ಮ ದಾನಿಗಳಿಗೂ ಹೇಳಿದರು. ಆಮೇಲೆ ಹಿಲರಿ ವಿದೇಶಾಂಗ ಸಚಿವೆ.

ತಪ್ಪು ಅಂತ ಹೇಳುತ್ತಿಲ್ಲ. ಆದರೆ ಇದು ವ್ಯವಹಾರ. ವ್ಯವಹಾರ ಅಂತಲೇ ಕರೆಯೋಣ.

ಮಿಶಿಗನ್_ಮಳೆ

ವ್ಯವಹಾರದಲ್ಲೂ ಎರಡು ಥರ ಇದೆ. ಹುದ್ದೆ ಕೊಡುತ್ತೇನೆ, ಬೆಂಬಲಿಸು ಅನ್ನುವುದು ಒಂದು. ಅಭ್ಯರ್ಥಿ ಹಾಗೆ ಮಾತು ಕೊಡುವುದನ್ನು ಇಲ್ಲಿನ ಫೆಡರಲ್ ಕಾನೂನೇ ನಿಷೇಧಿಸಿದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಹಾಗಾಗಿ ಹಿಡಿಯುವುದು ಕಷ್ಟ.

ಇನ್ನೊಂದು, ನೀತಿಯ ಚೌಕಾಸಿ. ಸ್ಯಾಂಡರ್ಸ್ 2016ರಲ್ಲಿ ಐದು ವಾರ ಕಾಯಿಸಿದ್ದು ಸುಮ್ನೆ ಅಲ್ಲ. ಪಕ್ಷದ ಪ್ರಣಾಳಿಕೆ ಬರೆಯುವ ಹದಿನೈದು ಜನರ ಸಮಿತಿಯಲ್ಲಿ ಐದು ಜಾಗ ಪಡೆದರು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಪ್ರಣಾಳಿಕೆಗೆ ಸೇರಿತು. 2020ರಲ್ಲಿ ಬೇಗ ಬೆಂಬಲ ಕೊಟ್ಟರು, ಏಪ್ರಿಲ್ 8ಕ್ಕೆ ಪ್ರಚಾರ ನಿಲ್ಲಿಸಿ 13ಕ್ಕೇ ಬೈಡನ್ ಜೊತೆ ವಿಡಿಯೊದಲ್ಲಿ ಕೂತರು. ಬದಲಿಗೆ ಹವಾಮಾನ, ಆರೋಗ್ಯ, ಶಿಕ್ಷಣ ಹೀಗೆ ಆರು ವಿಷಯಗಳಿಗೆ ಎರಡೂ ಬಣದವರ ಜಂಟಿ ತಂಡಗಳು ಆದವು. ತನಗೆ ಮತ ಹಾಕಿದವರಿಗೆ ಏನಾದರೂ ಗಿಟ್ಟಿಸಿಕೊಟ್ಟು ಕೈ ಎತ್ತಿದರೆ ನನಗೆ ತಕರಾರಿಲ್ಲ. ನಾನು ಬೇಡ ಅನ್ನುವುದು ಬರಿಗೈ ಹೊಗಳಿಕೆ.

ಆದರೆ ಈ ಚೌಕಾಸಿ ನಡೆಯಬೇಕಾದರೆ "ಇಲ್ಲ" ಅನ್ನುವ ಹಕ್ಕು ಇರಬೇಕು. ಅಕ್ಕ ಹೇಳುವ ಹಾಗೆ ಬೆಂಬಲ ಕಡ್ಡಾಯ ಆದರೆ ಗೆದ್ದವರು ಏನನ್ನೂ ಕೊಡಬೇಕಾಗಿಲ್ಲ.

ಎಡಿಸನ್_ಅಕ್ಕ

ಹೂಂ. ಈ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ಆದರೆ "ಇಲ್ಲ" ಅನ್ನುವ ಹಕ್ಕಿಗೂ ಗಡುವು ಬೇಕು. ಮೆಕಾರ್ಥಿ ಥರ ಅಕ್ಟೋಬರ್ 29ರವರೆಗೆ ಕೂತರೆ ಅದು ಚೌಕಾಸಿ ಅಲ್ಲ, ಸೇಡು.

ಹುಬ್ಬಳ್ಳಿ_ಮಂದಿ

ಬೆಳಗಾವಿ ಹೆಸರು ನಾನೇ ತೆಗೆದೆ, ಅದಕ್ಕೆ ಒಂದು ಮಾತು. ಶ್ರೀ ಥಾನೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಅವರು ನಿಮ್ಮ ಮಿಶಿಗನ್ ಸಂಸದರಲ್ಲವೇ? ಅವರೂ ಈ ಪ್ರೈಮರಿಯಲ್ಲಿ ಸೋತವರಂತೆ?

ಮಿಶಿಗನ್_ಮಳೆ

ಹೌದು ಸರ್. 2018ರ ಆಗಸ್ಟ್‌ನಲ್ಲಿ ಗವರ್ನರ್ ಹುದ್ದೆಗೆ ಡೆಮಾಕ್ರಾಟಿಕ್ ಪ್ರೈಮರಿ. ಗ್ರೆಚನ್ ವಿಟ್ಮರ್ ಗೆದ್ದರು, ಅಬ್ದುಲ್ ಎಲ್-ಸಯ್ಯದ್ ಎರಡನೆಯವರು, ಥಾನೇದಾರ್ ಮೂರನೆಯವರು. ಸ್ವಂತ ದುಡ್ಡು ಲಕ್ಷಗಟ್ಟಲೆ ಡಾಲರ್ ಸುರಿದಿದ್ದರು. ಆದರೆ ಪಕ್ಷ ಬಿಟ್ಟು ಹೋಗಲಿಲ್ಲ. 2020ರಲ್ಲಿ ರಾಜ್ಯದ ಕೆಳಮನೆಗೆ ಗೆದ್ದರು, 2022ರಲ್ಲಿ ಡೆಟ್ರಾಯ್ಟ್ ಭಾಗದಿಂದ ಗೆದ್ದು ಕಾಂಗ್ರೆಸ್‌ಗೆ, ಅಂದರೆ ಇಲ್ಲಿನ ಸಂಸತ್ತಿಗೆ, ಹೋದರು.

ಆ 2022ರ ಪ್ರೈಮರಿ ನಮ್ಮ ಚರ್ಚೆಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಒಂಬತ್ತು ಜನ ಕಣದಲ್ಲಿದ್ದರು. ಥಾನೇದಾರ್ ಗೆದ್ದಿದ್ದು ಸುಮಾರು 28 ಶೇಕಡಾ ಮತದಿಂದ. ಅಂದರೆ ಪಕ್ಷದ ಮತದಾರರಲ್ಲೇ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನ ಬೇರೆಯವರನ್ನು ಬಯಸಿದ್ದರು. ಡೆಮಾಕ್ರಾಟರ ಭದ್ರಕೋಟೆ ಅದು, ಪ್ರೈಮರಿ ಗೆದ್ದರೆ ನವೆಂಬರ್ ಗೆದ್ದ ಹಾಗೆ. ಉಳಿದ ಎಂಟು ಜನ ಬೆಂಬಲ ಕೊಟ್ಟರೂ ಕೊಡದಿದ್ದರೂ ಫಲಿತಾಂಶ ಒಂದೇ. ಇಂಥ ಕಡೆ ಆಣೆ ಪ್ರಮಾಣ ಮಾಡಿಸಿ ಏನು ಪ್ರಯೋಜನ? ಕ್ವೀನ್ಸ್‌ನವರು ಹೇಳಿದ ಕ್ರಮ ಹಾಕುವ ಮತ ಇಲ್ಲೂ ಇದ್ದಿದ್ದರೆ ಅನ್ನಿಸುತ್ತದೆ.

ಫ್ರೀಮಾಂಟ್_ಫಿಲ್ಟರ್‌ಕಾಫಿ

ಯಾರೂ ನಿಕ್ಕಿ ಹೇಲಿ ಹೆಸರು ಎತ್ತಲಿಲ್ಲವಲ್ಲ? 2024ರ ಮಾರ್ಚ್ 6ರಂದು ಕಣದಿಂದ ಹೊರಬಂದಾಗ ಟ್ರಂಪ್‌ಗೆ ಬೆಂಬಲ ಹೇಳಲಿಲ್ಲ. ನನ್ನ ಮತದಾರರ ಮನಸ್ಸು ಗೆಲ್ಲುವುದು ಈಗ ಅವರ ಕೆಲಸ ಅಂದರು. ಅವರು ಹೊರಬಂದ ಮೇಲೂ ಇಂಡಿಯಾನಾದ ಪ್ರೈಮರಿಯಲ್ಲಿ ಶೇಕಡಾ 20ಕ್ಕಿಂತ ಜಾಸ್ತಿ ಜನ ಅವರಿಗೇ ಹಾಕಿದರು. ನನಗೆ ಸರಿ ಅನ್ನಿಸಿದ್ದು ಆ ಮಾರ್ಚ್ ಮಾತು. ಮಿಶಿಗನ್‌ನವರು ಹೇಳುವುದೂ ಅದೇ ತಾನೆ?

ಡಲ್ಲಾಸ್_ದೋಸೆ

ಆಮೇಲಿನದ್ದೂ ಹೇಳಿ. ಮೇ ತಿಂಗಳಲ್ಲಿ "ನಾನು ಟ್ರಂಪ್‌ಗೇ ಮತ ಹಾಕುತ್ತೇನೆ" ಅಂದರು. ಜುಲೈನಲ್ಲಿ ತಮ್ಮ 97 ಡೆಲಿಗೇಟ್‌ಗಳನ್ನು (ಕನ್ವೆನ್ಷನ್‌ನಲ್ಲಿ ಅಭ್ಯರ್ಥಿಗೆ ಮತ ಹಾಕುವ ಪ್ರತಿನಿಧಿಗಳು) ಟ್ರಂಪ್‌ಗೆ ಬಿಟ್ಟುಕೊಟ್ಟರು. ಅದಾದ ಮೇಲೂ ಕನ್ವೆನ್ಷನ್‌ಗೆ ಕರೆ ಇರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಮೇಲೆ ಗುಂಡಿನ ದಾಳಿ ಆದ ಮೇಲೆ ಕರೆ ಬಂತು, ಮಿಲ್ವಾಕೀ ವೇದಿಕೆ ಹತ್ತಿ ಪೂರ್ತಿ ಬೆಂಬಲ ಅಂದರು. ಪ್ರಚಾರದಲ್ಲಿ ಅವರನ್ನು ಹಕ್ಕಿ ಮೆದುಳು ಅಂತ ಕರೆದಿದ್ದವರಿಗೆ! ಚುನಾವಣೆ ಗೆದ್ದ ಕೆಲವೇ ದಿನಕ್ಕೆ ಟ್ರಂಪ್, ಹೇಲಿಗೆ ನನ್ನ ಸರ್ಕಾರದಲ್ಲಿ ಜಾಗ ಇಲ್ಲ ಅಂತ ಬಹಿರಂಗವಾಗಿ ಬರೆದರು. 2016ರಲ್ಲಿ ಸೋತ ಮಾರ್ಕೊ ರುಬಿಯೊಗೆ ವಿದೇಶಾಂಗ ಖಾತೆ ಸಿಕ್ಕಿತು. ಬೆಂಬಲ ಇಬ್ಬರೂ ಕೊಟ್ಟಿದ್ದರು.

ಬೋಸ್ಟನ್_ಮೇಷ್ಟ್ರು

ಎಲ್ಲರೂ ಬೆಂಬಲದಿಂದ ಗೆದ್ದವರಿಗೆ ಏನು ಸಿಗುತ್ತದೆ ಅಂತ ನೋಡುತ್ತಿದ್ದೀರಿ. ಸೋತವರಿಗೂ ಇದು ಮುಂದಿನ ಚುನಾವಣೆಯ ಬಂಡವಾಳ. 1976ರಲ್ಲಿ ರೇಗನ್ ಅಧ್ಯಕ್ಷ ಫೋರ್ಡ್ ಎದುರು 1,070 ಡೆಲಿಗೇಟ್ ಪಡೆದು ಸೋತರು, ಫೋರ್ಡ್‌ಗೆ 1,187. ಕಾನ್ಸಾಸ್ ಸಿಟಿ ಕನ್ವೆನ್ಷನ್‌ನ ಕೊನೆಯ ರಾತ್ರಿ ಫೋರ್ಡ್ ಅವರನ್ನು ವೇದಿಕೆಗೆ ಕರೆದರು. ರೇಗನ್ ಮಾತಾಡಿದ್ದು ಕೆಲವೇ ನಿಮಿಷ. ಅದರಲ್ಲಿ ಫೋರ್ಡ್ ಅವರ ಹೊಗಳಿಕೆ ಕಡಿಮೆ, ದೇಶದ ಮುಂದಿನ ನೂರು ವರ್ಷದ ಮಾತೇ ಜಾಸ್ತಿ. ಹೊಗಳಲಿಲ್ಲ, ಮುರಿಯಲೂ ಇಲ್ಲ. ನಾಲ್ಕು ವರ್ಷಕ್ಕೆ ಅದೇ ಪಕ್ಷ ಅವರನ್ನು ಅಭ್ಯರ್ಥಿ ಮಾಡಿತು. ಮಳೆಯವರೇ, ನೀವು ಹುಡುಕುತ್ತಿರುವ ಮಧ್ಯದ ದಾರಿ ಇದೇ ಇರಬಹುದು.

ಎಡಿಸನ್_ಅಕ್ಕ

ಮೇಷ್ಟ್ರೇ, ಆ ಸಲ ಫೋರ್ಡ್ ಸೋತರಲ್ಲ? ಅದೂ ಎರಡೇ ಪರ್ಸೆಂಟ್ ಅಂತರದಲ್ಲಿ. ರೇಗನ್ ಮನಸಾರೆ ಓಡಾಡಲಿಲ್ಲ ಅಂತ ಫೋರ್ಡ್ ಕಡೆಯವರು ದೂರಿದ್ದೂ ಇದೆ. ಮಧ್ಯದ ದಾರಿ ರೇಗನ್‌ಗೆ ಚೆನ್ನಾಗಿತ್ತು, ಪಕ್ಷಕ್ಕಲ್ಲ.

ಬೋಸ್ಟನ್_ಮೇಷ್ಟ್ರು

ಅದನ್ನು ಅಲ್ಲಗಳೆಯಲಾರೆ.

ಮಂಡ್ಯ_ಟು_ಮಿಲ್ವಾಕೀ

ಬಾಗಿಲು ತಟ್ಟುವವನಾಗಿ ನನ್ನದೊಂದು ಬೇಡಿಕೆ ಮಾತ್ರ. ಬೆಂಬಲ ಕೊಡುವವರು ದಯವಿಟ್ಟು ನಮ್ಮಿಬ್ಬರ ನಡುವೆ ಎಲ್ಲಿ ಭಿನ್ನಾಭಿಪ್ರಾಯ ಇದೆ, ಅದು ಇನ್ನೂ ಹಾಗೇ ಇದೆ, ಆದರೂ ಇವರಿಗೆ ಯಾಕೆ ಹಾಕುತ್ತೇನೆ ಅಂತ ಹೇಳಿ. ಅದನ್ನು ಹಿಡಿದುಕೊಂಡು ನಾನು ಯಾವ ಮನೆಗಾದರೂ ಹೋಗುತ್ತೇನೆ. ಬರೀ ಫೋಟೋ ಹಿಡಿದು ಹೋದರೆ ಬಾಗಿಲು ಹಾಕುತ್ತಾರೆ.

ಹುಬ್ಬಳ್ಳಿ_ಮಂದಿ

ಡಲ್ಲಾಸ್‌ನವರೇ, ಒಂದು ಉಳಿದಿದೆ. ಕ್ರೂಜ್ 2018ರಲ್ಲಿ ಮತ್ತೆ ನಿಂತಾಗ ನೀವು ಹಾಕಿದಿರೋ ಇಲ್ಲವೋ?

ಡಲ್ಲಾಸ್_ದೋಸೆ

ಹಾಕಿದೆ. ಎದುರಿಗೆ ಬೆಟೊ ಒ'ರೂರ್ಕ್ ಇದ್ದರು, ಅಂತರ ಮೂರು ಪರ್ಸೆಂಟ್‌ಗಿಂತ ಕಡಿಮೆ ಇತ್ತು. ಆದರೆ ಮನೆ ಮುಂದೆ ಬೋರ್ಡ್ ನೆಡುತ್ತೇವೆ ಅಂತ ಪ್ರಚಾರದವರು ಬಂದಾಗ ಬೇಡ ಅಂದೆ.